ಹೊರಗಿನ ಮಾಲು

"ಮುಟ್ಬೇಡಿ."

ಅಷ್ಟು ಜೋರಾಗಿ ಹೇಳಬೇಕು ಅಂತ ಸಹನ ಅಂದುಕೊಂಡಿರಲಿಲ್ಲ. ಆದರೆ ಆ ಮನುಷ್ಯ ಒಳಗೆ ಬಂದವನೇ ಕೂರದೆ, ಒಂದು ಲೋಟ ನೀರೂ ಕೇಳದೆ, ಸೀದಾ ಕಂಪ್ಯೂಟರಿನ ಹಿಂದೆ ಮಂಡಿಯೂರಿಬಿಟ್ಟಿದ್ದ. ಅವನ ಸ್ಕ್ರೂಡ್ರೈವರಿನ ತುದಿ ಕಂಪನಿಯವರು ಅಂಟಿಸಿದ್ದ ಬೆಳ್ಳಿ ಬಣ್ಣದ ಸೀಲಿನ ಮೇಲಿತ್ತು. ಮಾತಿಗಿಂತ ಮೊದಲು ಅವಳ ಕೈ ಓಡಿತ್ತು. ಅವನ ಮಣಿಕಟ್ಟು ಅವಳ ಮುಷ್ಟಿಯೊಳಗಿತ್ತು.

ಅವನು ತಲೆಯೆತ್ತಿ ನೋಡಿದ. ಸಹನ ಕೆಂಡ ಮುಟ್ಟಿದವಳಂತೆ ಕೈ ಬಿಟ್ಟಳು.

"ಆ ಸೀಲು ಒಡುದ್ರೆ ಗ್ಯಾರಂಟಿ ಹೋಗ್ತದೆ. ಕಂಪ್ನಿಯೋರು ಆಮೇಲೆ ಇತ್ತಗೆ ತಿರುಗೂ ನೋಡಲ್ಲ."

"ಈಗ ನೋಡ್ತಾವ್ರಾ ಮೇಡಂ?"

ಕಂಪನಿಗೆ ಮೂರು ಕಾಗದ ಬರೆದಿದ್ದಳು, ಬೂತಿನಿಂದ ಆರು ಸಲ ಫೋನು ಮಾಡಿದ್ದಳು. ನಮ್ಮದೇ ಮೆಮೊರಿ ಹಾಕಿಸಬೇಕು, ಬೆಲೆ ಎರಡರಷ್ಟು, ಬರುವುದಕ್ಕೆ ಎರಡು ತಿಂಗಳು ಅನ್ನುವುದಷ್ಟೇ ಅವರ ಉತ್ತರ.

"ಒಡೀರಿ" ಅಂದಳು, ಮುಖ ಬೇರೆ ಕಡೆ ತಿರುಗಿಸಿಕೊಂಡು.

ಅದು ತೊಂಬತ್ತೆಂಟರ ಭಾದ್ರಪದ. ಪಾಂಡವಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಹೊನ್ನಪ್ಪ ಸ್ಟುಡಿಯೋ. ಹೊನ್ನಪ್ಪನವರು ತೀರಿಕೊಂಡು ಎರಡು ವರ್ಷವಾಗಿತ್ತು. ಬೋರ್ಡಿನ ಮೇಲೆ ಅವರ ಹೆಸರು, ಒಳಗೆ ಅವರ ಒಬ್ಬಳೇ ಮಗಳು. ಹಿಂದಿನ ಎರಡು ಕೋಣೆಯಲ್ಲಿ ಅವಳ ಸಂಸಾರ. ಸಂಸಾರ ಅಂದರೆ ಅವಳು ಮತ್ತು ಕಿವಿ ಸ್ವಲ್ಪ ಮಂದವಾದ ಸೋದರತ್ತೆ ಮಾಯಮ್ಮ.

ಸಹನಳಿಗೆ ಇಪ್ಪತ್ತೆಂಟು ದಾಟಿತ್ತು. ಎರಡು ಸಂಬಂಧ ಬಂದಿದ್ದವು. ಎರಡೂ ಕಡೆಯವರು ಮದುವೆಯಾದ ಮೇಲೆ ಸ್ಟುಡಿಯೋ ಬಾಗಿಲು ಹಾಕಬೇಕು ಅಂದರು. ಇವಳು ಆಗಲ್ಲ ಅಂದಳು. ಮೂರನೆಯದು ಬರಲೇ ಇಲ್ಲ.

ದಿನವಿಡೀ ಜನ ಬರುತ್ತಿದ್ದರು, ನಿಜ. ಪಾಸ್‌ಪೋರ್ಟ್ ಸೈಜಿಗೆ ಗಲ್ಲ ಎತ್ತಿ ಕೂತು, ಎದ್ದು ಹೋಗುತ್ತಿದ್ದರು. ಊಟ ಆಯ್ತಾ ಅಂತ ಅವಳನ್ನು ಯಾರೂ ಕೇಳುತ್ತಿರಲಿಲ್ಲ. ಸಂಜೆ ಶಟರ್ ಎಳೆಯುವಾಗ, ಬೆಳಗಿನಿಂದ ಒಂದೇ ಒಂದು ಮನಸಿನ ಮಾತು ಆಡಲಿಲ್ಲವಲ್ಲ ಅಂತ ಅವಳಿಗೆ ಅನಿಸುತ್ತಿತ್ತು. ಅತ್ತೆಗೆ ಹೇಳೋಣವೆಂದರೆ ಬೀದಿಗೆಲ್ಲಾ ಕೇಳುವ ಹಾಗೆ ಕೂಗಬೇಕು.

ಆ ಮನುಷ್ಯನ ಹೆಸರು ರಂಗಸ್ವಾಮಿ, ಶ್ರೀರಂಗಪಟ್ಟಣದವನು. ಕೋಟೆ ಬಾಗಿಲಿನ ಹತ್ತಿರ ಒಂದು ಸಣ್ಣ ಮಳಿಗೆ, ಒಂದು ಹಳೇ ಲೂನಾ, ಹೆಗಲಿಗೆ ಒಂದು ಚೀಲ. ಕೆ.ಆರ್. ಪೇಟೆ, ನಾಗಮಂಗಲ ಅಂತ ಸ್ಟುಡಿಯೋದಿಂದ ಸ್ಟುಡಿಯೋಗೆ ಸುತ್ತಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ. ಬೆಂಗಳೂರಿನ ಎಸ್.ಪಿ. ರೋಡಿನಿಂದ ತಾನೇ ಆರಿಸಿ ಬಿಡಿಭಾಗ ತರುತ್ತಿದ್ದ. ಇಂಥದ್ದನ್ನೇ ಕಂಪನಿಯವರು ಮೂಗು ಮುರಿದು "ಹೊರಗಿನ ಮಾಲು" ಅನ್ನುತ್ತಿದ್ದುದು. ಅವನನ್ನು ಕಳಿಸಿದ್ದು ಕೆ.ಆರ್. ಪೇಟೆಯ ಸ್ಟುಡಿಯೋ ಸೋಮಯ್ಯ, ಹೊನ್ನಪ್ಪನವರ ಗೆಳೆಯ.

"ಏನು ಕೆಲಸ ಮಾಡ್ತೀರ ಇದ್ರಲ್ಲಿ?" ಮುಚ್ಚಳ ತೆಗೆಯುತ್ತಾ ಅವನು ಕೇಳಿದ.

"ಸತ್ತೋರ್ನ ಮದುವೆ ಫೋಟೋಕ್ಕೆ ಸೇರಿಸ್ತೀನಿ."

ಅವನ ಕೈ ನಿಂತಿತು. ಸಹನಳೇ ಬಿಡಿಸಿ ಹೇಳಿದಳು. ಮಗಳ ಮದುವೆಗೆ ಅಪ್ಪ ಇರುವುದಿಲ್ಲ. ಹಳೇ ಫೋಟೋ ಒಂದು ತರುತ್ತಾರೆ, ರೇಷನ್ ಕಾರ್ಡಿನದ್ದೋ, ಯಾವುದೋ ಜಾತ್ರೆಯಲ್ಲಿ ತೆಗೆಸಿದ್ದೋ. ಅದನ್ನು ಸ್ಕ್ಯಾನ್ ಮಾಡಿ, ಪೇಟ ಸುತ್ತಿ, ಶಲ್ಯ ಹೊದಿಸಿ, ಮಗಳ ಪಕ್ಕದಲ್ಲಿ ನಿಲ್ಲಿಸಬೇಕು. ಸದ್ಯಕ್ಕೆ ಅರಕೆರೆಯ ಸಿದ್ದಲಿಂಗಮ್ಮನವರ ಕೆಲಸವಿತ್ತು. ಮಗಳು ರಂಜಿತಳ ಮದುವೆಯಾಗಿತ್ತು. ಅಳಿಯ ಮೊದಲ ದೀಪಾವಳಿಗೆ ಬರುವ ಹೊತ್ತಿಗೆ, ತೀರಿಹೋದ ಯಜಮಾನರೂ ಇರುವ ಫೋಟೋ ನಡುಮನೆ ಗೋಡೆ ಮೇಲಿರಬೇಕು.

"ಶಲ್ಯ ಹೊದಿಸೋ ಹೊತ್ಗೆ ಮಿಷನ್ನು ನಿಂತೋಗ್ತದೆ" ಅಂದಳು.

"ಮೆಮೊರಿ ಸಾಲ್ತಿಲ್ಲ. ಡಿಸ್ಕೂ ತುಂಬೋಗದೆ. ಇಷ್ಟೊಂದು ಜನ ಯಾಕಿದಾರೆ ಇದ್ರೊಳಗೆ? ಕೆಲಸ ಆದ್ಮೇಲೆ ಅಳಿಸ್ಬೋದಲ್ವಾ?"

ಸಹನ ಸೆರಗಿನ ತುದಿ ಸುತ್ತುತ್ತಾ ನಿಂತಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ಕೈ ಬರಲ್ಲ... ಒಂದ್ಸಲ ಹೋಗಿರೋರು. ನಾನು ಇನ್ನೊಂದ್ಸಲ ಕಳಿಸ್ದಂಗೆ ಅನ್ಸತ್ತೆ."

ಈಗ ನಗುತ್ತಾನೆ ಅಂದುಕೊಂಡಳು. ಅವನು ನಗಲಿಲ್ಲ. ಚೀಲದಿಂದ ಕಾಗದ ತೆಗೆದು ಏನೋ ಬರೆದುಕೊಂಡ.

"ಹಂಗಾದ್ರೆ ದೊಡ್ಡ ಡಿಸ್ಕೇ ತತ್ತೀನಿ. ಯಾರ್ನೂ ಅಳಿಸೋದು ಬೇಡ."

ಅಷ್ಟೇ ಮಾತು. ಆದರೆ ಆ ರಾತ್ರಿ ಸಹನ ಮುದ್ದೆ ಮುರಿಯುತ್ತಾ ಸುಮ್ಮನೆ ಕೂತುಬಿಟ್ಟಳು. ಮಾಯಮ್ಮ ಎರಡು ಸಲ ಕೇಳಿದಳು, "ಉಪ್ಪು ಕಮ್ಮಿ ಆಗದಾ ಮಗಾ?"

ಮುಂದಿನ ಮಂಗಳವಾರ ಅವನು ಮಾಲು ತಂದ. ಮೆಮೊರಿ ಅಂದರೆ ಇಷ್ಟೇ: ತಲೆ ಬಾಚುವ ಹಣಿಗೆಯಷ್ಟು ಉದ್ದದ ಹಸಿರು ಪಟ್ಟಿ, ಅಂಚಿಗೆ ಚಿನ್ನದ ಬಣ್ಣದ ಹಲ್ಲುಗಳು. ಅವನು ಅದನ್ನು ಎರಡು ಬೆರಳಲ್ಲಿ ಹಿಡಿದು, ಸಂದಿನೊಳಗೆ ಟಕ್ ಅಂತ ಕೂರಿಸಿದ. ಆಮೇಲೆ ಹಳೇ ಡಿಸ್ಕಿನಿಂದ ಹೊಸದಕ್ಕೆ ಒಂದೊಂದೇ ಕಡತ ಹೋಗತೊಡಗಿತು. ಇಡೀ ಮಧ್ಯಾಹ್ನ ಹಿಡಿಯಿತು. ಪರದೆಯ ಮೇಲೆ ಮೂಡುವ ಹೆಸರುಗಳನ್ನು ಅವನು ಓದುತ್ತಾ ಹೋದ.

"ಅರಕೆರೆ ಅಜ್ಜಿ ಬಂದ್ರು. ಚಿನಕುರಳಿ ಮಾವ ಬಂದ್ರು. ತೊಣ್ಣೂರು ಮೇಷ್ಟ್ರು... ಇವ್ರು ಸ್ವಲ್ಪ ನಿಧಾನ."

ಸಹನ ನಕ್ಕಳು. ಎರಡು ವರ್ಷದಲ್ಲಿ ಆ ಕೋಣೆಯಲ್ಲಿ ಅವಳು ನಕ್ಕಿದ್ದು ಅದೇ ಮೊದಲು. ಆಮೇಲೆ "ಅಪ್ಪ" ಅನ್ನುವ ಹೆಸರು ಬಂತು. ಅದನ್ನು ಅವನು ಗಟ್ಟಿಯಾಗಿ ಓದಲಿಲ್ಲ. ಅದು ಹೋಗಿ ಮುಗಿಯುವವರೆಗೂ ಬೀದಿಯ ಕಡೆ ನೋಡುತ್ತಾ ನಿಂತ.

'ಇವನಿಗೆ ಹೇಗೆ ಗೊತ್ತಾಯಿತು?' ಸಹನ ಅವನ ಬೆನ್ನನ್ನೇ ನೋಡಿದಳು.

"ಮಂಗಳವಾರ ಈ ಕಡೆ ಬತ್ತಾ ಇರ್ತೀನಿ. ಏನಾರ ತೊಂದ್ರೆ ಆದ್ರೆ ಹೇಳಿ" ಅಂತ ಹೊರಟ.

ತೊಂದರೆ ಆಗದೆ ಇರುತ್ತದೆಯೇ? ಒಂದು ಮಂಗಳವಾರ ಫ್ಯಾನು ಸದ್ದು ಮಾಡಿತು. ಇನ್ನೊಂದು ಮಂಗಳವಾರ ಮೌಸು ಸರಿಯಾಗಿ ಓಡಲಿಲ್ಲ. ಅವನು ಬಂದು ನೋಡಿದಾಗ ಎರಡೂ ಸರಿಯಾಗೇ ಇದ್ದವು. ಅವನೂ ಏನೂ ಕೇಳಲಿಲ್ಲ. ಮಾಯಮ್ಮ ಕೊಟ್ಟ ಕಾಫಿ ಕುಡಿದು, "ಊಟ ಆಯ್ತಾ ಸಹನಾ ಅವ್ರೇ?" ಅಂತ ಕೇಳಿ ಹೋಗುತ್ತಿದ್ದ. ಆ ಒಂದು ಪ್ರಶ್ನೆಗೆ ಅವಳು ಏಳು ದಿನ ಕಾಯುತ್ತಿದ್ದಳು.

ಆಯುಧ ಪೂಜೆ ಬಂತು. ಸ್ಟುಡಿಯೋದವರಿಗೆ ಅದೇ ದೊಡ್ಡ ಹಬ್ಬ. ಸಹನ ಕ್ಯಾಮೆರಾ, ಲೈಟು, ಫೋಟೋ ಹಿಗ್ಗಿಸುವ ಅಪ್ಪನ ಹಳೇ ಎನ್‌ಲಾರ್ಜರು ಎಲ್ಲವನ್ನೂ ಒರೆಸಿ, ವಿಭೂತಿ ಬಳಿದು, ಕುಂಕುಮ ಇಟ್ಟಳು. ಕಬ್ಬಿಣದ ಮೇಲೆ ನಿಲ್ಲಲಿ ಅಂತ ಕುಂಕುಮವನ್ನು ಹರಳೆಣ್ಣೆಯಲ್ಲಿ ಕಲಸುವುದು ಹೊನ್ನಪ್ಪನವರ ಕಾಲದಿಂದ ಬಂದ ರೂಢಿ. ಕಂಪ್ಯೂಟರಿನ ನೆತ್ತಿಗೂ ಒಂದು ಬೊಟ್ಟು ಬಿತ್ತು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಮಾಯಮ್ಮ ಬೂದುಗುಂಬಳ ತರಲು ಹೋಗಿದ್ದಳು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಸಹನ ಬೀದಿಯನ್ನೊಮ್ಮೆ ನೋಡಿ, ಅವನು ಮಾಡಿದ್ದನ್ನು ಕಂಡ ಹಾಗೇ ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದಳು. ಒಳಗೆ ಆ ಹಸಿರು ಪಟ್ಟಿ. ಅವನು ಎರಡು ಬೆರಳಲ್ಲಿ ಹಿಡಿದಿದ್ದ ಪಟ್ಟಿ. ಅದರ ಮೇಲೆ ಒಂದು ಪುಟ್ಟ ಕುಂಕುಮದ ಬೊಟ್ಟಿಟ್ಟು, ಕಳ್ಳಿಯಂತೆ ಮುಚ್ಚಳ ಹಾಕಿದಳು.

ದೀಪಾವಳಿಗೆ ಐದು ದಿನವಿತ್ತು. ಕಂಪ್ಯೂಟರು ಸತ್ತುಬಿತ್ತು.

ಗುಂಡಿ ಒತ್ತಿದರೆ ಕುಂಯ್ ಕುಂಯ್ ಅನ್ನುತ್ತದೆ, ಪರದೆ ಮಾತ್ರ ಕಪ್ಪು. ಒಳಗೆ ಸಿದ್ದಲಿಂಗಮ್ಮನವರ ಯಜಮಾನರು ಅರ್ಧ ಶಲ್ಯ ಹೊದ್ದು ನಿಂತಿದ್ದಾರೆ. ಹೊರಗೆ ಸಿದ್ದಲಿಂಗಮ್ಮನವರೇ ಬೆಂಚಿನ ಮೇಲೆ ಕೂತಿದ್ದಾರೆ. ಸಹನ ದಿಕ್ಕು ತೋಚದೆ ಬೂತಿಗೆ ಓಡಿ ಕಂಪನಿಗೆ ಫೋನು ಮಾಡಿ ಎಲ್ಲಾ ಹೇಳಿದಳು.

"ಹೊರಗಿನ ಮಾಲು ಹಾಕ್ಸಿದೀರಲ್ಲ, ಇನ್ನೇನಾಗುತ್ತೆ? ಹಳೇದನ್ನ ತೊಳ್ದು ಹೊಸದು ಅಂತ ಕೊಡ್ತಾರೆ. ಹೆಂಗಸ್ರು ಒಬ್ರೇ ಇರೋ ಕಡೆ ನೋಡ್ಕೊಂಡೇ ಹಾಕ್ತಾರೆ" ಅಂತು ಆ ಕಡೆಯ ದನಿ.

ಕಂಪ್ಯೂಟರು ಯಾಕೆ ಸತ್ತಿತು ಅಂತ ಓದುವ ನಿಮಗೆ ಆಗಲೇ ಹೊಳೆದಿರಬೇಕು. ಅವಳಿಗೆ ಹೊಳೆಯಲಿಲ್ಲ. 'ಒಬ್ಬರೇ' ಅನ್ನುವ ಮಾತು ನೆಟ್ಟಗೆ ಹೋಗಿ ಅವಳ ಹುಣ್ಣಿಗೇ ತಗುಲಿತ್ತು. 'ಆ ಮಂಗಳವಾರಗಳೆಲ್ಲಾ ಸುಳ್ಳಾ? ಊಟ ಆಯ್ತಾ ಅನ್ನೋದೂ ವ್ಯಾಪಾರವಾ?'

ರಂಗಸ್ವಾಮಿಗೂ ಫೋನು ಹೋಯಿತು. ಅವನು ಲೂನಾ ಓಡಿಸಿಕೊಂಡು ಧೂಳಿನಲ್ಲಿ ಮುಳುಗಿ ಬಂದಾಗ, ಅವಳು ಬಾಗಿಲಲ್ಲೇ ನಿಂತಿದ್ದಳು.

"ಇವ್ಳು ಒಬ್ಳೇ ಇದಾಳೆ, ಕೇಳೋರು ಯಾರೂ ಇಲ್ಲ ಅಂತ ಕೆಟ್ಟ ಮಾಲು ಹಾಕ್ಬುಟ್ರಾ?"

ಅವನ ಮುಖದಲ್ಲಿ ರಕ್ತವಿರಲಿಲ್ಲ. "ನೋಡ್ತೀನಿ" ಅಂದ. ಸಿದ್ದಲಿಂಗಮ್ಮನವರು ಬೆಂಚಿನಿಂದ ಕತ್ತು ಉದ್ದ ಮಾಡಿದರು.

ಮುಚ್ಚಳ ತೆಗೆದ. ಅವನ ಬೆನ್ನು ಇವರ ಕಡೆಗಿತ್ತು. ತುಂಬಾ ಹೊತ್ತು ಅವನು ಅಲ್ಲಾಡಲಿಲ್ಲ.

"ರಬ್ಬರ್ ಇದ್ರೆ ಕೊಡಿ. ಪೆನ್ಸಿಲ್ ಅಳಿಸೋದು."

ಸಹನ ಟೇಬಲ್ಲಿನ ಮೇಲೆ ಎಸೆದ ಹಾಗೆ ಇಟ್ಟಳು. ಅವನು ಪಟ್ಟಿಯನ್ನು ಹೊರತೆಗೆದು ನಿಧಾನವಾಗಿ ಉಜ್ಜಿದ, ಮತ್ತೆ ಕೂರಿಸಿ ಗುಂಡಿ ಒತ್ತಿದ. ಪರದೆ ಬೆಳಗಿತು.

"ಏನಾಗಿತ್ತಪ್ಪಾ?" ಸಿದ್ದಲಿಂಗಮ್ಮ ಬಿಡುವವರಲ್ಲ.

ಅವನು ಒಂದು ಕ್ಷಣ ಸಹನಳನ್ನು ನೋಡಿದ. "ತಪ್ಪು ನಂದೇ ಕಣಮ್ಮ. ಮಾಲು ಸರಿಯಾಗಿ ಕೂರ್ಸಿರ್ಲಿಲ್ಲ." ಆಮೇಲೆ ಚೀಲ ಎತ್ತಿಕೊಂಡು ಸಣ್ಣ ದನಿಯಲ್ಲಿ ಅಂದ, "ನಂಬ್ಕೆ ಇಲ್ಲ ಅಂದ್ಮೇಲೆ ಬೇರೆಯೋರ್ನ ಕರೆಸ್ಕೊಳಿ ಸಹನಾ ಅವ್ರೇ."

ಲೂನಾದ ಸದ್ದು ಬೀದಿ ತಿರುವಿನವರೆಗೂ ಕೇಳಿಸಿತು.

ಶಲ್ಯ ಹೊದಿಸುವ ಕೆಲಸ ಸಂಜೆಗೆ ಮುಗಿಯಿತು. ಸಿದ್ದಲಿಂಗಮ್ಮ ಪ್ರಿಂಟನ್ನು ಎದೆಗವಚಿಕೊಂಡು ಕಣ್ಣೊರೆಸಿಕೊಳ್ಳುತ್ತಾ ಬಸ್ಸಿಗೆ ಹೋದರು. ಟೇಬಲ್ಲು ಜೋಡಿಸುವಾಗ ಸಹನಳ ಕೈಗೆ ಆ ರಬ್ಬರ್ ಸಿಕ್ಕಿತು. ಅದರ ಒಂದು ಬದಿ ಕೆಂಪಗಿತ್ತು.

ಮೂಗಿನ ಹತ್ತಿರ ಹಿಡಿದಳು. ಹರಳೆಣ್ಣೆ.

ಅವಳು ಅಲ್ಲೇ ನೆಲದ ಮೇಲೆ ಕೂತಳು. ಬೊಟ್ಟಿನ ಎಣ್ಣೆ ಬಿಸಿಗೆ ತೆಳುವಾಗಿ ಇಳಿದು ಆ ಚಿನ್ನದ ಹಲ್ಲುಗಳನ್ನು ಕಟ್ಟಿಹಾಕಿತ್ತು. ತಪ್ಪು ಅವಳದು. ಅವನು ಕಣ್ಣಾರೆ ಕಂಡ, ಎರಡು ಮಾತಲ್ಲಿ ಹೇಳಿಬಿಡಬಹುದಿತ್ತು. ಹೇಳದೆ ತನ್ನ ತಲೆ ಮೇಲೆ ಹಾಕಿಕೊಂಡು ಹೋದ.

ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಬರುವುದಿಲ್ಲ ಅನ್ನುತ್ತಾರೆ. ಫೋನು ಮಾಡಬೇಕು ಅಂತ ಮೂರು ಸಲ ಬೂತಿಗೆ ಹೋಗಿ, ಏನು ಹೇಳಲಿ ಅಂತ ತಿಳಿಯದೆ ಹಿಂದೆ ಬಂದಳು. ಮಂಗಳವಾರ ಬಂತು. ಅವನು ಬರಲಿಲ್ಲ. ದೀಪಾವಳಿ ಮುಗಿಯಿತು. ಮತ್ತೊಂದು ಮಂಗಳವಾರವೂ ಹೋಯಿತು. ಮಾಯಮ್ಮ ಎರಡು ಲೋಟ ಕಾಫಿ ತಂದು, ಒಂದನ್ನು ಹಾಗೇ ವಾಪಸ್ಸು ಒಯ್ದಳು.

"ಆ ಉಡ್ಗ ಯಾಕ್ ಬರ್ನಿಲ್ಲ ಮಗಾ?"

"ನಾನೇ ಬರ್ಬೇಡ ಅಂದಂಗೆ ಮಾಡ್ದೆ ಅತ್ತೆ" ಅಂದಳು, ಅತ್ತೆಗೆ ಕೇಳಿಸದಷ್ಟು ಮೆಲ್ಲಗೆ.

ಎರಡು ದಿನ ಕಳೆದು ಬೂತಿನವರು ಕೂಗಿ ಕರೆದರು. ಫೋನಿನಲ್ಲಿ ಸೋಮಯ್ಯ.

"ಏನವ್ವಾ, ಆ ರಂಗಸ್ವಾಮಿ ನಿಂಗೆ ಕಳಪೆ ಮಾಲು ಹಾಕ್ಬುಟ್ನಂತೆ? ತಪ್ಪು ನಂದೇ ಅಂತ ಅವ್ನೇ ಒಪ್ಕೊಂಡ್ನಂತೆ. ಅರಕೆರೆ ಅಮ್ಮ ಒಬ್ರು ಊರ್ಗೆಲ್ಲಾ ಏಳ್ಕೊಂಡ್ ಬತ್ತಾವ್ರೆ. ನಾಗಮಂಗಲದೋರು ಆಗ್ಲೇ ಬರ್ಬೇಡ ಅಂದವ್ರೆ. ಇವತ್ ಮಧ್ಯಾನ ಇಲ್ಲಿಗ್ ಬತ್ತಾನೆ. ಅವ್ನು ಆಕಿರೋದ್ನೆಲ್ಲಾ ಬಿಚ್ಚಿಸಿ ಕಳಿಸ್ಬುಡ್ತೀನಿ, ನೀ ಯೋಚ್ನೆ ಮಾಡ್ಬೇಡ."

ಸಹನ ಶಟರ್ ಎಳೆದು ಬಸ್ಸು ಹತ್ತಿದಳು.

ಹೆಗಲಿಗೆ ಚೀಲ ಹಾಕಿಕೊಂಡು ಸುತ್ತುವವನಿಗೆ ಹೆಸರು ಬಿಟ್ಟರೆ ಬೇರೆ ಬಂಡವಾಳವಿಲ್ಲ. ಅವಳು ಇವತ್ತು ಬಾಯಿ ಬಿಡದಿದ್ದರೆ ಅವನ ಹೆಸರು ಕೆ.ಆರ್. ಪೇಟೆಯಲ್ಲೂ ಮುಳುಗುತ್ತದೆ. ಬಾಯಿ ಬಿಟ್ಟರೆ ಅವಳ ಗುಟ್ಟು ಬೀದಿಗೆ ಬರುತ್ತದೆ. ಕಬ್ಬಿನ ಗದ್ದೆಗಳ ನಡುವೆ ಬಸ್ಸು ಕುಲುಕುತ್ತಿದ್ದಾಗ ಒಂದು ಸುಳ್ಳು ಹೊಳೆಯಿತು. 'ಕುಂಕುಮ ಅತ್ತೆ ಇಟ್ಟರು ಅಂದರೆ ಆಯಿತು. ವಯಸ್ಸಾದವರು, ಯಾರೂ ಏನೂ ಅನ್ನಲ್ಲ.' ಕೆ.ಆರ್. ಪೇಟೆ ತಲುಪುವವರೆಗೂ ಅದನ್ನೇ ಬಾಯಿಪಾಠ ಮಾಡಿಕೊಂಡಳು.

ಸೋಮಯ್ಯನವರ ಸ್ಟುಡಿಯೋದಲ್ಲಿ ರಂಗಸ್ವಾಮಿ ಆಗಲೇ ಮಂಡಿಯೂರಿದ್ದ. ತಾನು ಹಾಕಿದ್ದನ್ನು ತಾನೇ ಬಿಚ್ಚುತ್ತಿದ್ದ. ಗಡ್ಡ ಬೆಳೆದಿತ್ತು. ಅವಳನ್ನು ಕಂಡು ಸ್ಕ್ರೂಡ್ರೈವರ್ ಕೆಳಗಿಟ್ಟ.

"ಬಿಚ್ಚಿಸ್ಬೇಡಿ ಮಾವ" ಅಂದಳು ಸಹನ. ಏದುಸಿರು ಬರುತ್ತಿತ್ತು. "ಅವ್ರ ಮಾಲು ಚೆನ್ನಾಗೇ ಇತ್ತು. ಕೆಡಿಸಿದ್ದು ಕುಂಕುಮ. ಎಣ್ಣೇಲಿ ಕಲಸಿದ್ದು. ಆಯುಧ ಪೂಜೆ ದಿನ."

ಸೋಮಯ್ಯ ಕನ್ನಡಕ ಸರಿಮಾಡಿಕೊಂಡರು. "ಕುಂಕುಮವಾ? ನಾವೂ ಇಡ್ತೀವಲ್ಲವ್ವ, ಮ್ಯಾಲೆ."

"ಮೇಲಲ್ಲ. ಮುಚ್ಚಳ ಬಿಚ್ಚಿ, ಒಳಗೆ."

"ಒಳಗಾ? ಯಾರ್ ಇಟ್ಟೋರು?"

ಸುಳ್ಳು ನಾಲಿಗೆಯ ತುದಿಗೇ ಬಂದು ನಿಂತಿತ್ತು. ಅತ್ತೆ ಅನ್ನುವ ಎರಡು ಅಕ್ಷರ ಸಾಕಿತ್ತು. ಸಹನ ರಂಗಸ್ವಾಮಿಯ ಕಡೆ ನೋಡಿದಳು. ಅವನು ತಲೆ ತಗ್ಗಿಸಿ, ಬೇಡ ಅನ್ನುವಂತೆ ಸಣ್ಣಗೆ ಕತ್ತು ಆಡಿಸಿದ. ತನ್ನ ಹೆಸರು ಮಣ್ಣುಪಾಲಾದರೂ ಸರಿ, ಇವಳು ಹೇಳುವುದು ಬೇಡ... ಅದನ್ನು ಕಂಡ ಮೇಲೆ ಅವಳಿಗೆ ಸುಳ್ಳು ಹೇಳಲಾಗಲಿಲ್ಲ.

"ನಾನೇ ಇಟ್ಟೆ ಮಾವ."

"ಅಲ್ಲವ್ವಾ, ಓದ್ದೋಳು ನೀನು. ಅಷ್ಟೊಂದು ಮಿಷನ್ ಅದೆ ನಿನ್ ಅಂಗ್ಡೀಲಿ. ಅದೊಂದುಕ್ ಮಾತ್ರ ಒಳಿಕ್ ಯಾಕಿಟ್ಟೆ?"

"ಅದು... ಇವ್ರ ಕೈಲಿ ಹಾಕಿದ್ದು. ಅದಕ್ಕೆ."

ಬೀದಿಯಲ್ಲಿ ಯಾವುದೋ ಟ್ರಾಕ್ಟರು ಹೋಯಿತು. ಸಹನಳ ಕಿವಿಗಳು ಕಾದು ಕೆಂಪಾಗಿದ್ದವು. ಸೋಮಯ್ಯ ಅವಳನ್ನು ನೋಡಿದರು, ಅವನನ್ನು ನೋಡಿದರು, ಕೆಮ್ಮಿದರು.

"ಲೇ ರಂಗಸ್ವಾಮಿ, ಬಿಚ್ಚಿದ್ನ ತಿರ್ಗಾ ಆಕು. ನಾಗಮಂಗಲದೋರ್ಗೆ ನಾನೇ ಫೋನ್ ಮಾಡ್ತೀನಿ. ಈಗ್ ಒಸಿ ಡಾರ್ಕ್‌ರೂಮ್ನಾಗೆ ಕೆಲ್ಸ ಅದೆ ನಂಗೆ." ಆ ಡಾರ್ಕ್‌ರೂಮಿನಲ್ಲಿ ನಾಲ್ಕು ವರ್ಷದಿಂದ ಈರುಳ್ಳಿ ಮೂಟೆ ಇತ್ತು. ಸೋಮಯ್ಯ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಇಬ್ಬರೇ ಉಳಿದರು.

"ಅವತ್ತೇ ಹೇಳ್ಬೋದಿತ್ತಲ್ಲ ನೀವು" ಅಂದಳು. ದನಿ ಒಡೆಯಿತು.

"ಸಿದ್ದಲಿಂಗಮ್ನೋರು ಇದ್ರಲ್ಲ. ಅರಕೆರೆ ಮುಟ್ಟೋದ್ರೊಳಗೆ ಬಸ್ನಾಗೆಲ್ಲಾ ನಿಮ್ ಮಾತೇ ಆಗಿರೋದು. ನನ್ ಹೆಸರು ಹೋದ್ರೆ ಇನ್ನೊಂದೂರ್ಗೆ ಹೋಗಿ ಅಂಗಡಿ ಇಡ್ತೀನಿ. ನೀವು ಅಪ್ಪನ ಬೋರ್ಡ್ ಬಿಟ್ಟು ಎಲ್ಲಿಗ್ ಹೋಗ್ತೀರ?"

ಸಹನ ಅತ್ತಳು. ಅಪ್ಪ ಹೋದಾಗ ನೆಂಟರ ಮುಂದೆ ಅತ್ತಿದ್ದು ಬಿಟ್ಟರೆ, ಇನ್ನೊಬ್ಬರ ಎದುರು ಅತ್ತಿದ್ದು ಇದೇ. ಅವನು ಹತ್ತಿರ ಬರಲಿಲ್ಲ. ದೂರವೂ ಹೋಗಲಿಲ್ಲ.

"ಮತ್ಯಾಕೆ ಬೇರೆಯೋರ್ನ ಕರೆಸ್ಕೊಳಿ ಅಂದ್ರಿ?"

"ಕೆಂಪು ಕಂಡಾಗ, ನೀವೇ ಇಟ್ರೇನೋ ಅಂತ ಎದೆ ಝಲ್ ಅಂತು. ಆಮೇಲೆ, ನಿಮ್ಮತ್ತೆ ಇಟ್ಟಿರ್ಬೋದು ಅನ್ಸ್ತು. ಸುಮ್ನೆ ಆಸೆ ಪಟ್ಕೊಂಡು..." ಅವನು ಗಡ್ಡ ಸವರಿಕೊಂಡ. "ಮಂಗಳವಾರ ಅಂದ್ರೆ ಹೊತ್ತಾರೆ ಎದ್ದು ಶೇವ್ ಮಾಡ್ಕೋತಿದ್ದೆ. ಮಳಿಗೇಲೇ ಮಲಗೋನು, ಹೋಟ್ಲಲ್ಲಿ ಉಣ್ಣೋನು. ನೀವು ಅವತ್ತು ಕೇಳೋರು ಯಾರೂ ಇಲ್ಲ ಅಂತ ಅಂದ್ರಲ್ಲ... ನಂಗೂ ಯಾರಿಲ್ಲ ಸಹನಾ ಅವ್ರೇ. ಒಂಟಿ ಇರೋರ ಜೊತೆ ನಾನು ಹೆಂಗ್ ಆಟ ಆಡ್ಲಿ?"

"ತಪ್ಪಾಯ್ತು" ಅಂದಳು. ಮತ್ತೆ ಮತ್ತೆ ಅದನ್ನೇ ಅಂದಳು.

"ಸಾಕು ಬುಡಿ. ಊಟ ಆಯ್ತಾ?"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಇಲ್ಲ. ನಿಮ್ದು?"

ಆ ಪ್ರಶ್ನೆಯನ್ನು ಅವನಿಗೆ ಯಾರಾದರೂ ಕೇಳಿ ಎಷ್ಟು ವರ್ಷವಾಗಿತ್ತೋ, ಕಣ್ಣು ಒದ್ದೆಯಾಗಿ ಕಿಟಕಿ ಕಡೆ ತಿರುಗಿಕೊಂಡ.

"ಒಂದ್ ಮಾತು ಮೊದ್ಲೇ ಹೇಳ್ತೀನಿ" ಅಂದಳು ಸಹನ, ಸೆರಗಲ್ಲಿ ಮುಖ ಒರೆಸಿಕೊಂಡು. "ಏನೇ ಆದ್ರೂ ಸ್ಟುಡಿಯೋ ಬಾಗ್ಲು ಹಾಕಲ್ಲ ನಾನು."

"ಯಾಕ್ ಹಾಕ್ಬೇಕು? ಅಷ್ಟೊಂದ್ ಜನ ಇದಾರೆ ಅಲ್ಲಿ. ಅವ್ರನ್ನೆಲ್ಲಾ ಎಲ್ಲಿಗ್ ಕಳಿಸ್ತೀರ?"

ಸಹನ ಅವನ ಮುಖವನ್ನೇ ನೋಡಿದಳು. ಎರಡು ಸಂಬಂಧದವರೂ ಹೇಳದ ಮಾತನ್ನು ಅವನು ಸ್ಕ್ರೂ ಹೆಕ್ಕುತ್ತಾ ಹೇಳಿದ್ದ.

"ನಿಮ್ಮತ್ತೆ ಹತ್ರ ಮಾತಾಡ್ಬೇಕು. ಮಂಗಳವಾರ ಬರ್ಲಾ?"

"ಬೇಡ."

ಅವನ ಕೈಯಲ್ಲಿದ್ದ ಸ್ಕ್ರೂ ಕೆಳಗೆ ಬಿತ್ತು. "ಯಾಕೆ?"

"ಮಂಗಳವಾರ ಅಂದ್ರೆ ಏನಾದ್ರೂ ಕೆಟ್ಟಿರ್ಬೇಕು. ನೀವು ಬರ್ಲಿ ಅಂತ ಫ್ಯಾನು ಕೆಡ್ತು, ಮೌಸು ಕೆಡ್ತು ಅಂತ ಸುಳ್ಳು ಹೇಳಿ ಸಾಕಾಗೋಗದೆ."

"ಹಂಗಾದ್ರೆ ಯಾವತ್ತು ಬರ್ಲಿ?"

"ನಾಳೆ ಬನ್ನಿ" ಅಂದಳು ಸಹನ. "ನಾಳೆ ಏನೂ ಕೆಟ್ಟಿಲ್ಲ. ಸುಮ್ನೆ ಬನ್ನಿ."